ಕೊಡಗಿನ ತರಗತಿಗಳಲ್ಲಿ ಸಂವಹನ ಭೀತಿ: ಶಿಕ್ಷಕರ ಹೊಣೆ ಮತ್ತು ಅದರ ಮಿತಿ

ಪ್ರಸ್ತಾವನೆ

ತರಗತಿಯಲ್ಲಿ ಬಾಯಿಬಿಡದ ಮಗುವನ್ನು ಕುರಿತು ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಅಭಿಪ್ರಾಯಗಳು ಪ್ರಚಲಿತವಾಗಿವೆ. ಅದು ಮಗುವಿನ ಸ್ವಭಾವ, ಬೆಳೆದಂತೆ ತಾನಾಗಿಯೇ ಸರಿಹೋಗುತ್ತದೆ ಎಂಬುದು ಒಂದು. ಅದು ದಡ್ಡತನದ ಲಕ್ಷಣ ಎಂಬುದು ಇನ್ನೊಂದು. ಇವೆರಡೂ ಪರಸ್ಪರ ಭಿನ್ನವಾಗಿ ಕಂಡರೂ ಅವುಗಳ ಪರಿಣಾಮ ಒಂದೇ ಆಗಿದೆ. ಎರಡರಲ್ಲಿಯೂ ಶಿಕ್ಷಕರು ಮಾಡಬೇಕಾದ ಕೆಲಸವೇನೂ ಉಳಿಯುವುದಿಲ್ಲ.

ಮಾತನಾಡುವ ಭಯವನ್ನು ನೀಗಿಸಿಕೊಳ್ಳಲು ಶಿಕ್ಷಕರು ವಿದ್ಯಾರ್ಥಿಗಳಿಗೆ ನೆರವಾಗಬೇಕೆ, ಆಗಬೇಕಾದರೆ ಯಾವ ಬಗೆಯಲ್ಲಿ, ಎಷ್ಟರ ಮಟ್ಟಿಗೆ ಎಂಬ ಪ್ರಶ್ನೆಗಳನ್ನು ಕೊಡಗು ಜಿಲ್ಲೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೊಡಗನ್ನು ಆಯ್ದುಕೊಳ್ಳಲು ಕಾರಣವಿದೆ. ಸುಮಾರು ೪೧೦೦ ಚದರ ಕಿಲೋಮೀಟರ್ ವಿಸ್ತೀರ್ಣದ, ೨೦೧೧ರ ಜನಗಣತಿಯಂತೆ ಐದೂವರೆ ಲಕ್ಷ ಜನಸಂಖ್ಯೆಯ ಈ ಪುಟ್ಟ ಜಿಲ್ಲೆಯಲ್ಲಿ ಮನೆಯ ಮಾತು ಒಂದು, ಶಾಲೆಯ ಮಾತು ಇನ್ನೊಂದು ಆಗಿರುವ ಮಕ್ಕಳ ಸಂಖ್ಯೆ ಬಹಳ ದೊಡ್ಡದು. ಇಲ್ಲಿ ಮೌನವು ಸ್ವಭಾವದಿಂದ ಎಷ್ಟು, ಭಾಷೆಯಿಂದ ಎಷ್ಟು, ಸಾಮಾಜಿಕ ಸ್ಥಾನದಿಂದ ಎಷ್ಟು ಎಂಬುದನ್ನು ಬಿಡಿಸಿ ನೋಡಲು ಅವಕಾಶವಿದೆ.

ಸಂವಹನ ಭೀತಿ: ಪರಿಕಲ್ಪನೆ

‘ಸಂವಹನ ಭೀತಿ’ ಎಂಬ ಪರಿಕಲ್ಪನೆಯನ್ನು ಶಾಸ್ತ್ರೀಯವಾಗಿ ರೂಪಿಸಿದವರು ಅಮೆರಿಕದ ಸಂವಹನ ವಿದ್ವಾಂಸರಾದ ಜೇಮ್ಸ್ ಮೆಕ್ರಾಸ್ಕಿ. ೧೯೭೦ರಲ್ಲಿ ಅವರು ಈ ಭಯವನ್ನು ಅಳೆಯುವ ವಿಧಾನವನ್ನು ಮಂಡಿಸಿದರು. ಇತರರೊಡನೆ ಮಾತನಾಡುವಾಗ ಮಾತ್ರವಲ್ಲದೆ ಮಾತನಾಡಬೇಕಾಗಿ ಬರಬಹುದೆಂದು ನೆನೆದಾಗಲೂ ಉಂಟಾಗುವ ಭಯ ಅಥವಾ ಆತಂಕವೇ ಸಂವಹನ ಭೀತಿ. ಅವರು ಮುಂದೆ ಸಿದ್ಧಪಡಿಸಿದ ೨೪ ಹೇಳಿಕೆಗಳ ಮಾಪನವು ಗುಂಪುಚರ್ಚೆ, ಸಭೆ, ಇಬ್ಬರ ನಡುವಣ ಮಾತುಕತೆ ಮತ್ತು ಸಾರ್ವಜನಿಕ ಭಾಷಣ ಎಂಬ ನಾಲ್ಕು ಸಂದರ್ಭಗಳನ್ನು ಪ್ರತ್ಯೇಕವಾಗಿ ಪರಿಗಣಿಸುತ್ತದೆ.

ಈ ಭೀತಿಯ ನಾಲ್ಕು ಬಗೆಗಳನ್ನು ಗುರುತಿಸಲಾಗಿದೆ. ವ್ಯಕ್ತಿಯ ಸ್ವಭಾವದಲ್ಲಿಯೇ ಬೇರೂರಿದ್ದು ಮೊದಲನೆಯದು. ಭಾಷಣದಂತಹ ನಿರ್ದಿಷ್ಟ ಸಂದರ್ಭಗಳಲ್ಲಿ ಮಾತ್ರ ಕಾಣಿಸಿಕೊಳ್ಳುವುದು ಎರಡನೆಯದು. ನಿರ್ದಿಷ್ಟ ವ್ಯಕ್ತಿ ಅಥವಾ ಗುಂಪಿನ ಎದುರಿನಲ್ಲಿ ಮಾತ್ರ ಹುಟ್ಟುವುದು ಮೂರನೆಯದು. ಆ ಗಳಿಗೆಯ ಸನ್ನಿವೇಶದಿಂದ ಉಂಟಾಗಿ ಅದರೊಂದಿಗೇ ಮರೆಯಾಗುವುದು ನಾಲ್ಕನೆಯದು. ನಮ್ಮ ಚರ್ಚೆಗೆ ಈ ವಿಂಗಡಣೆ ಬಹಳ ಮುಖ್ಯವಾದುದು. ಶಾಲೆಯಲ್ಲಿ ಕಾಣುವ ಎಲ್ಲ ಮೌನವನ್ನೂ ಮೊದಲನೆಯ ಬಗೆಗೆ ಸೇರಿಸುವುದು ರೂಢಿಯಾಗಿದೆ. ಕೊಡಗಿನ ಉದಾಹರಣೆಗಳು ಮೂರನೆಯ ಬಗೆಯ ಕಡೆಗೆ ನಮ್ಮ ಗಮನವನ್ನು ಸೆಳೆಯುತ್ತವೆ.

ತನ್ನದಲ್ಲದ ಭಾಷೆಯಲ್ಲಿ ಕಲಿಯಬೇಕಾದಾಗ ಈ ಭೀತಿಗೆ ಇನ್ನೊಂದು ಪದರ ಸೇರುತ್ತದೆ. ಹಾರ್ವಿಟ್ಸ್ ಮತ್ತು ಸಂಗಡಿಗರು ೧೯೮೬ರಲ್ಲಿ ಪ್ರಕಟಿಸಿದ ಅಧ್ಯಯನವು ಅನ್ಯಭಾಷೆಯ ತರಗತಿಯ ಆತಂಕವನ್ನು ಒಂದು ಪ್ರತ್ಯೇಕ ವಿದ್ಯಮಾನವಾಗಿ ಗುರುತಿಸಿತು. ಮಾತೃಭಾಷೆಯಲ್ಲಿ ಜಾಣರಾಗಿ ತೋರುವವರು ಅರೆಕಲಿತ ಭಾಷೆಯಲ್ಲಿ ತಮ್ಮನ್ನು ತಾವೇ ಪೆದ್ದರಂತೆ ಕಂಡುಕೊಳ್ಳುತ್ತಾರೆ. ಆ ಭಾವನೆಯೇ ಅವರ ಬಾಯಿ ಕಟ್ಟುತ್ತದೆ.

ಕೊಡಗಿನ ಭಾಷಿಕ ಪರಿಸರ

ಕೊಡಗಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳಂ, ತಮಿಳು, ಬ್ಯಾರಿ, ಉರ್ದು ಭಾಷೆಗಳೊಂದಿಗೆ ಎರವ, ಪಣಿಯ, ಜೇನುಕುರುಬ, ಬೆಟ್ಟಕುರುಬ ಮೊದಲಾದ ಬುಡಕಟ್ಟುಗಳ ನುಡಿಗಳೂ ಬಳಕೆಯಲ್ಲಿವೆ. ಇತ್ತೀಚಿನ ದಶಕಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್ ಮೊದಲಾದ ಕಡೆಗಳಿಂದ ಕಾಫಿ ತೋಟದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ತಮ್ಮ ಭಾಷೆಗಳೊಡನೆ ಲೈನ್‌ಮನೆಗಳಿಂದ ಶಾಲೆಗೆ ಬರುತ್ತಿದ್ದಾರೆ. ಶಾಲೆಯ ಭಾಷೆ ಮಾತ್ರ ಕನ್ನಡ ಅಥವಾ ಇಂಗ್ಲಿಷ್.

ಈ ಅಂತರ ಹೊಸದಲ್ಲ. ಹಾಲೇರಿ ಅರಸರ ಆಡಳಿತದಲ್ಲಿ ಕನ್ನಡ ಬಳಕೆಯಲ್ಲಿತ್ತು. ೧೮೩೪ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆಯೂ ಕನ್ನಡ ಶಾಲೆಗಳು ಬೆಳೆದವು. ಮಡಿಕೇರಿಯ ಸರ್ಕಾರಿ ಸೆಂಟ್ರಲ್ ಶಾಲೆಯ ಪ್ರಾಂಶುಪಾಲರಾಗಿದ್ದ ಜಿ. ರಿಕ್ಟರ್ ಅವರು ೧೮೭೦ರಲ್ಲಿ ಕೊಡಗಿನ ಕೈಪಿಡಿಯನ್ನು ಸಂಕಲಿಸಿದರು. ಅದಕ್ಕೆ ಮೂರು ವರ್ಷ ಮೊದಲು, ೧೮೬೭ರಲ್ಲಿ, ಆರ್.ಎ. ಕೋಲ್ ಅವರ ಕೊಡವ ವ್ಯಾಕರಣ ಹೊರಬಂದಿತ್ತು. ಆದರೆ ವ್ಯಾಕರಣ ರಚನೆಯಾದ ಭಾಷೆ ಶಾಲೆಯ ಬೋಧನೆಯ ಭಾಷೆಯಾಗಲಿಲ್ಲ. ೧೯೫೬ರಲ್ಲಿ ಕೊಡಗು ಮೈಸೂರು ರಾಜ್ಯದೊಂದಿಗೆ ವಿಲೀನಗೊಂಡ ನಂತರವೂ ಈ ಸ್ಥಿತಿ ಮುಂದುವರಿಯಿತು.

ಈ ಅಂತರವು ತರಗತಿಯಲ್ಲಿ ಹೇಗೆ ಪ್ರಕಟವಾಗುತ್ತದೆ ಎಂಬುದಕ್ಕೆ ಎರಡು ಪದಗಳನ್ನು ಗಮನಿಸಬಹುದು. ಕೊಡವ ತಕ್ಕಿನಲ್ಲಿ ‘ನರಿ’ ಎಂದರೆ ಹುಲಿ. ಹುಲಿಯನ್ನು ಕೊಂದ ವೀರನಿಗೆ ನಡೆಸುತ್ತಿದ್ದ ‘ನರಿ ಮಂಗಲ’ ಎಂಬ ಗೌರವ ಸಂಪ್ರದಾಯ ಕೊಡಗಿನಲ್ಲಿ ಪ್ರಸಿದ್ಧವಾಗಿದೆ. ಮನೆಯಲ್ಲಿ ಕೊಡವ ತಕ್ಕನ್ನಷ್ಟೇ ಆಡಿದ ಮಗು ಒಂದನೆಯ ತರಗತಿಯ ಚಿತ್ರಪಟದಲ್ಲಿ ಹುಲಿಯನ್ನು ಕಂಡು ‘ನರಿ’ ಎಂದರೆ ಅದರ ಉತ್ತರ ಸರಿಯಾಗಿಯೇ ಇದೆ. ಕನ್ನಡವನ್ನು ಮಾತ್ರ ಬಲ್ಲ ಶಿಕ್ಷಕರಿಗೆ ಅದು ಹುಲಿಗೂ ನರಿಗೂ ವ್ಯತ್ಯಾಸ ತಿಳಿಯದ ಮಗುವಿನ ಉತ್ತರವಾಗಿ ಕೇಳಿಸುತ್ತದೆ. ಅರೆಭಾಷೆಯಲ್ಲಿ ‘ಉಟ್ಟು’ ಎಂದರೆ ‘ಇದೆ’. ಪುಸ್ತಕ ಎಲ್ಲಿದೆ ಎಂಬ ಪ್ರಶ್ನೆಗೆ ಅರೆಭಾಷೆಯ ಮಗು ಈ ಪದವನ್ನು ಬಳಸಿ ಉತ್ತರಿಸಿದರೆ, ಬಟ್ಟೆ ಉಡುವ ಅರ್ಥದಲ್ಲಿ ಅದನ್ನು ಕೇಳಿಸಿಕೊಂಡ ಸಹಪಾಠಿಗಳು ನಗುವುದು ಸಹಜ. ಮಗುವಿಗೆ ತಾನು ಯಾವ ತಪ್ಪು ಮಾಡಿದೆನೆಂಬುದು ತಿಳಿಯುವುದಿಲ್ಲ. ಮಾತನಾಡಿದರೆ ನಗುತ್ತಾರೆ ಎಂಬುದು ಮಾತ್ರ ತಿಳಿಯುತ್ತದೆ. ಭೀತಿಯ ಬೀಜ ಬೀಳುವುದು ಇಲ್ಲಿ.

ಅರೆಭಾಷೆಯ ವಿಷಯದಲ್ಲಿ ಹೆಸರೇ ಒಂದು ಹೊರೆಯಾಗಿದೆ. ‘ಅರೆ’ ಎಂಬ ವಿಶೇಷಣವನ್ನು ವಿದ್ವಾಂಸರು ಹಲವು ಬಗೆಯಲ್ಲಿ ವಿವರಿಸಿದ್ದರೂ, ಸಾಮಾನ್ಯ ಕಿವಿಗೆ ಅದು ಪೂರ್ಣವಲ್ಲದ ಭಾಷೆ ಎಂಬ ಅರ್ಥವನ್ನೇ ಕೊಡುತ್ತದೆ. ೧೯೭೦ರಲ್ಲಿ ಅಣ್ಣಾಮಲೈ ವಿಶ್ವವಿದ್ಯಾಲಯವು ಪ್ರಕಟಿಸಿದ ಕೆ. ಕುಶಾಲಪ್ಪ ಗೌಡರ ಗೌಡ ಕನ್ನಡದ ಅಧ್ಯಯನವು ಅದು ತನ್ನದೇ ಆದ ನಿಯಮಬದ್ಧ ರಚನೆಯುಳ್ಳ ನುಡಿ ಎಂಬುದನ್ನು ತೋರಿಸಿತು. ಎರವ ನುಡಿಯ ವರ್ಣನಾತ್ಮಕ ವಿಶ್ಲೇಷಣೆಯನ್ನು ಬಿ. ಮಲ್ಲಿಕಾರ್ಜುನ ಅವರು ೧೯೯೩ರಲ್ಲಿ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಮೂಲಕ ಪ್ರಕಟಿಸಿದರು. ಭಾಷಾವಿಜ್ಞಾನವು ನೀಡಿದ ಈ ತಿಳಿವಳಿಕೆ ಶಿಕ್ಷಕರ ತರಬೇತಿಗೆ ಬಂದು ಸೇರದಿರುವುದೇ ಕೊರತೆ.

ಮೌನ ಅಸಾಮರ್ಥ್ಯವೆ?

ಕೊಡಗಿನ ಜನಜೀವನದಲ್ಲಿ ಸಾರ್ವಜನಿಕ ಮಾತಿಗೆ ದೊಡ್ಡ ಸ್ಥಾನವಿದೆ. ಕೊಡವರ ಮದುವೆಯ ಸಂಬಂಧ ಕೊಡುವ ಶಾಸ್ತ್ರದಲ್ಲಿ ಎರಡೂ ಕಡೆಯ ‘ಅರುವ’ರು ನೆರೆದ ಬಂಧುಗಳ ಮುಂದೆ ಪ್ರಶ್ನೋತ್ತರ ರೂಪದಲ್ಲಿ ಮಾತನಾಡಿ, ಸಣ್ಣ ಕಲ್ಲುಗಳನ್ನು ಕೊಟ್ಟು ಪಡೆದು ವಧುವಿನ ಹಕ್ಕುಗಳನ್ನು ಸ್ಥಿರಪಡಿಸುತ್ತಾರೆ. ಅಲ್ಲಿ ಹಕ್ಕು ನೆಲೆಗೊಳ್ಳುವುದು ಆಡಿದ ಮಾತಿನಿಂದ. ಬಾಳೋಪಾಟಿನಲ್ಲಿ ದುಡಿ ಹಿಡಿದ ನಾಲ್ವರು ಜೊತೆಗೂಡಿ ದೀರ್ಘ ಕಥನಗಳನ್ನು ಹಾಡುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ಯು ಈ ಮೌಖಿಕ ಪರಂಪರೆಯ ವಿಸ್ತಾರವನ್ನು ತಿಳಿಸುತ್ತದೆ. ಹರದಾಸ ಅಪ್ಪಚ್ಚಕವಿಯವರ ನಾಟಕಗಳು ಕೊಡವ ತಕ್ಕನ್ನು ರಂಗದ ಮೇಲೆ ನಿಲ್ಲಿಸಿದವು.

ಇದಕ್ಕಿಂತಲೂ ವಿಚಾರಾರ್ಹವಾದುದು ಬುಡಕಟ್ಟು ಸಮುದಾಯಗಳ ಉದಾಹರಣೆ. ೨೦೧೧ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರ ಪ್ರಮಾಣ ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚು. ಈ ಸಮುದಾಯಗಳ ಮಕ್ಕಳನ್ನು ‘ಮಾತೇ ಆಡುವುದಿಲ್ಲ’ ಎಂದು ವರ್ಣಿಸುವುದು ಶಿಕ್ಷಕವಲಯದಲ್ಲಿ ಸಾಮಾನ್ಯ. ಆದರೆ ಇದೇ ಸಮುದಾಯಗಳು ಮೇ ತಿಂಗಳಲ್ಲಿ ದೇವರಪುರದ ಕುಂಡೆ ಹಬ್ಬದಲ್ಲಿ ವೇಷ ಧರಿಸಿ, ಕುಣಿಯುತ್ತ, ಧಣಿಗಳನ್ನೂ ದಾರಿಹೋಕರನ್ನೂ ದೇವರನ್ನೂ ಬಿಡದೆ ಬೈದು ಹಾಡುತ್ತವೆ. ವರ್ಷದ ಒಂದು ದಿನ ಯಾರಿಗೂ ಅಂಜದೆ ಹರಿಯುವ ಈ ಮಾತು ಉಳಿದ ದಿನಗಳ ಮೌನವನ್ನು ಬೇರೆ ಬಗೆಯಲ್ಲಿ ಓದಲು ಹೇಳುತ್ತದೆ. ಅದು ಮಾತು ಬಾರದವರ ಮೌನವಲ್ಲ. ಮಾತಿಗೆ ಅನುಮತಿಯಿಲ್ಲದವರ ಮೌನ.

ಇದಕ್ಕೆ ಚಾರಿತ್ರಿಕ ಕಾರಣವಿದೆ. ಬ್ರಿಟಿಷ್ ಕಾಲದ ಬರಹಗಳು ಎರವರನ್ನು ಭೂಮಾಲೀಕರ ಅಧೀನದಲ್ಲಿದ್ದ ಜೀತದಾಳುಗಳೆಂದು ದಾಖಲಿಸಿವೆ. ಜೀತಪದ್ಧತಿಯನ್ನು ರದ್ದುಗೊಳಿಸುವ ಕಾಯಿದೆ ಅಂಗೀಕಾರವಾದುದು ೧೯೭೬ರಲ್ಲಿ. ಧಣಿಯ ಮುಂದೆ ತಲೆತಗ್ಗಿಸಿ ಸುಮ್ಮನಿರುವುದು ಹಲವು ತಲೆಮಾರುಗಳು ಬದುಕಿಗಾಗಿ ಕಲಿತ ಪಾಠ. ಶಾಲೆಗೆ ಬಂದ ಮಗುವಿಗೆ ಮೇಜಿನ ಹಿಂದೆ ನಿಂತು ದೊಡ್ಡ ದನಿಯಲ್ಲಿ ಪ್ರಶ್ನಿಸುವ ಶಿಕ್ಷಕರು ಆ ಧಣಿಯ ಸ್ಥಾನದಲ್ಲಿಯೇ ಕಾಣಿಸಿದರೆ ಆಶ್ಚರ್ಯವಿಲ್ಲ. ಮೆಕ್ರಾಸ್ಕಿಯವರ ವಿಂಗಡಣೆಯ ಮೂರನೆಯ ಬಗೆ ಇದೇ ಆಗಿದೆ.

ಇದನ್ನು ಹೋಲುವ ಅಧ್ಯಯನವೊಂದು ಅಮೆರಿಕದಲ್ಲಿ ನಡೆದಿದೆ. ಒರೆಗಾನ್ ರಾಜ್ಯದ ವಾರ್ಮ್ ಸ್ಪ್ರಿಂಗ್ಸ್ ಮೂಲನಿವಾಸಿ ಪ್ರದೇಶದ ಶಾಲೆಗಳನ್ನು ಕುರಿತು ಸೂಸನ್ ಫಿಲಿಪ್ಸ್ ೧೯೭೦ರ ದಶಕದಲ್ಲಿ ಬರೆದರು. ಇಡೀ ತರಗತಿಯ ಮುಂದೆ ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದಾಗ ಅಲ್ಲಿನ ಮಕ್ಕಳು ಬಾಯಿಬಿಡುತ್ತಿರಲಿಲ್ಲ. ಸಣ್ಣ ಗುಂಪುಗಳಲ್ಲಿ ತಾವೇ ಕೆಲಸ ಹಂಚಿಕೊಂಡು ಮಾಡುವಾಗ ಹಾಗೂ ತಾವಾಗಿಯೇ ಶಿಕ್ಷಕರ ಬಳಿಗೆ ಹೋಗುವಾಗ ಧಾರಾಳವಾಗಿ ಮಾತನಾಡುತ್ತಿದ್ದರು. ಮಕ್ಕಳು ಬದಲಾಗಿರಲಿಲ್ಲ, ಬದಲಾದುದು ಮಾತಿನ ಸಂದರ್ಭದ ಏರ್ಪಾಡು.

ಮನೆ ಮತ್ತು ಶಾಲೆಯ ಭಾಷೆಗಳ ಅಂತರವೊಂದೇ ಮೌನಕ್ಕೆ ಕಾರಣವಲ್ಲ ಎಂಬುದಕ್ಕೆ ಕೊಡಗಿನಲ್ಲಿಯೇ ಸಾಕ್ಷ್ಯವಿದೆ. ಕೊಡವ ತಕ್ಕ್ ಮತ್ತು ಅರೆಭಾಷೆಯ ಮನೆಗಳಿಂದ ಬಂದ ಅನೇಕರು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹೆಸರು ಮಾಡಿದ್ದಾರೆ. ೨೦೧೧ರಲ್ಲಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ೮೨ಕ್ಕಿಂತ ಹೆಚ್ಚಿತ್ತು. ಭಾಷೆಯ ಅಂತರಕ್ಕೆ ಸಾಮಾಜಿಕ ಅಂತರವೂ ಸೇರಿದಾಗ ಮೌನ ಗಟ್ಟಿಗೊಳ್ಳುತ್ತದೆ. ಆದುದರಿಂದ ಒಂದೇ ತರಗತಿಯ ಇಬ್ಬರು ಮೌನಿ ಮಕ್ಕಳ ಮೌನ ಒಂದೇ ಬಗೆಯದಾಗಿರಬೇಕಿಲ್ಲ.

ಶಿಕ್ಷಕರು ನೆರವಾಗಬೇಕೆ?

ನೆರವಾಗಬೇಕಿಲ್ಲ ಎನ್ನುವವರ ವಾದಗಳನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಮೊದಲನೆಯದಾಗಿ, ಶಿಕ್ಷಕರು ಮನೋವೈದ್ಯರಲ್ಲ. ಎರಡನೆಯದಾಗಿ, ಒಬ್ಬಿಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವ ಶಾಲೆಗಳಲ್ಲಿ ಪ್ರತಿ ಮಗುವಿನ ಅಂಜಿಕೆಯನ್ನು ಗಮನಿಸಲು ಸಮಯವಿಲ್ಲ. ಮೂರನೆಯದಾಗಿ, ಮಿತಭಾಷೆ ದೋಷವಲ್ಲ. ಹಿರಿಯರ ಮುಂದೆ ಕಡಿಮೆ ಮಾತನಾಡುವುದನ್ನು ನಮ್ಮ ಸಮಾಜ ಗುಣವೆಂದೇ ಭಾವಿಸಿದೆ.

ಮೂರನೆಯ ವಾದದಲ್ಲಿ ಹುರುಳಿದೆ. ಮಾತನಾಡಲು ಬಯಸದಿರುವುದು ಬೇರೆ, ಬಯಸಿದರೂ ಆಗದಿರುವುದು ಬೇರೆ. ಶಿಕ್ಷಕರ ಹೊಣೆ ಎರಡನೆಯದಕ್ಕೆ ಸಂಬಂಧಿಸಿದ್ದು. ಬಯಲಿಗೆ ಹೋಗಬೇಕೆಂದು ಕೇಳಲಾರದ, ಅರ್ಥವಾಗಲಿಲ್ಲವೆಂದು ಹೇಳಲಾರದ, ತನ್ನನ್ನು ಹೊಡೆದವರು ಯಾರೆಂದು ದೂರಲಾರದ ಮಗುವಿನ ಮೌನವನ್ನು ಗುಣವೆಂದು ಕರೆಯಲಾಗದು. ಮೊದಲೆರಡು ವಾದಗಳಿಗೆ ಉತ್ತರ ಬೇರೆಯದು. ಭೀತಿಯ ಬಹುಭಾಗ ಹುಟ್ಟುವುದು ತರಗತಿಯಲ್ಲಿಯೇ ಆದಾಗ, ಅದನ್ನು ತಡೆಯುವುದು ಚಿಕಿತ್ಸೆಯಲ್ಲ, ಬೋಧನೆಯ ಭಾಗ. ಅದಕ್ಕೆ ಹೆಚ್ಚಿನ ಸಮಯಕ್ಕಿಂತ ಬೇರೆ ರೀತಿಯ ನಡವಳಿಕೆ ಅಗತ್ಯ.

ಕಾನೂನು ಕೂಡ ಈ ಹೊಣೆಯನ್ನು ಸ್ಪಷ್ಟಪಡಿಸಿದೆ. ೨೦೧೦ರ ಏಪ್ರಿಲ್ ೧ರಿಂದ ಜಾರಿಯಲ್ಲಿರುವ, ೨೦೦೯ರ ಶಿಕ್ಷಣದ ಹಕ್ಕು ಕಾಯಿದೆಯ ೨೯ನೆಯ ಪ್ರಕರಣವು ಮಗುವನ್ನು ಭಯ ಮತ್ತು ಆತಂಕಗಳಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯಗಳನ್ನು ನಿರಾತಂಕವಾಗಿ ವ್ಯಕ್ತಪಡಿಸಲು ನೆರವಾಗುವುದನ್ನು ಪಠ್ಯಕ್ರಮದ ಗುರಿಗಳಲ್ಲಿ ಒಂದಾಗಿ ಹೇಳುತ್ತದೆ. ಸಾಧ್ಯವಾದಷ್ಟರ ಮಟ್ಟಿಗೆ ಮಾತೃಭಾಷೆಯಲ್ಲಿ ಬೋಧನೆ ನಡೆಯಬೇಕೆಂಬ ಮಾತೂ ಅದೇ ಪ್ರಕರಣದಲ್ಲಿದೆ. ೧೭ನೆಯ ಪ್ರಕರಣವು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯ ಕಲ್ಪಿಸುವಂತೆ ಸಂವಿಧಾನದ ೩೫೦-ಎ ವಿಧಿಯು ೧೯೫೬ರಿಂದಲೇ ನಿರ್ದೇಶಿಸುತ್ತ ಬಂದಿದೆ.

ಇಲ್ಲಿ ಪಣಕ್ಕೆ ಬಿದ್ದಿರುವುದು ಮಗುವಿನ ಕಲಿಕೆ ಮಾತ್ರವಲ್ಲ. ತನ್ನ ಮಾತಿಗೆ ನಗುವನ್ನೇ ಪಡೆದ ಮಗು ಮೊದಲು ಶಾಲೆಯಲ್ಲಿ ಆ ಮಾತನ್ನು ಬಿಡುತ್ತದೆ. ಮುಂದೆ ತನ್ನ ಮಕ್ಕಳೊಂದಿಗೂ ಬಿಡುತ್ತದೆ. ಜನಗಣತಿಯಲ್ಲಿ ಕೊಡವ ಭಾಷೆಯನ್ನು ಮಾತೃಭಾಷೆಯೆಂದು ಬರೆಸಿದವರ ಸಂಖ್ಯೆ ೨೦೦೧ರಲ್ಲಿ ೧,೬೬,೧೮೭ ಇದ್ದುದು ೨೦೧೧ರಲ್ಲಿ ೧,೧೩,೮೫೭ಕ್ಕೆ ಇಳಿಯಿತು. ಇದಕ್ಕೆ ವಲಸೆ, ಬರೆಸುವ ಕ್ರಮ ಮೊದಲಾದ ಹಲವು ಕಾರಣಗಳಿರಬಹುದು. ಆದರೆ ಭಾಷೆಯ ಬಗೆಗಿನ ಸಂಕೋಚವನ್ನು ಮಕ್ಕಳು ಮೊದಲು ಕಲಿಯುವ ಸ್ಥಳಗಳಲ್ಲಿ ತರಗತಿಯೂ ಒಂದು ಎಂಬುದನ್ನು ಮರೆಯಲಾಗದು. ಭಾಷೆಯ ಉಳಿವಿಗೆ ಕೊಡವ ಸಾಹಿತ್ಯ ಅಕಾಡೆಮಿ ೧೯೯೪ರಿಂದಲೂ, ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿ ೨೦೧೧ರಿಂದಲೂ ನಡೆಸುತ್ತಿರುವ ಪ್ರಯತ್ನಗಳು ಒಂದನೆಯ ತರಗತಿಯ ಬಾಗಿಲಿನಲ್ಲಿ ಸೋಲಬಾರದು.

ನೆರವಿನ ವಿಧಾನಗಳು

ನೆರವಿನ ಹೆಸರಿನಲ್ಲಿ ನಡೆಯುವ ಕೆಲವು ಕ್ರಮಗಳು ಭೀತಿಯನ್ನು ಹೆಚ್ಚಿಸುತ್ತವೆ. ಅಂಜುವ ಮಗುವನ್ನು ‘ಧೈರ್ಯ ಬರಲಿ’ ಎಂದು ಪ್ರಾರ್ಥನಾ ಸಭೆಯಲ್ಲಿ ಒಂಟಿಯಾಗಿ ನಿಲ್ಲಿಸುವುದು ಇದಕ್ಕೆ ಉದಾಹರಣೆ. ಮೆಕ್ರಾಸ್ಕಿಯವರು ೧೯೭೭ರಲ್ಲಿ ಶಿಕ್ಷಕರಿಗಾಗಿಯೇ ಬರೆದ ಕಿರುಹೊತ್ತಿಗೆಯಲ್ಲಿ, ತೀವ್ರ ಭೀತಿಯುಳ್ಳ ಮಕ್ಕಳನ್ನು ಮಾತಿಗೆ ಬಲವಂತಪಡಿಸಬಾರದು, ಮಾತನಾಡಿದ ಪ್ರಮಾಣಕ್ಕೆ ಅಂಕ ಕೊಡಬಾರದು ಎಂದು ಎಚ್ಚರಿಸಿದ್ದಾರೆ. ಪ್ರತಿಭಾ ಕಾರಂಜಿಯಂತಹ ಸ್ಪರ್ಧೆಗಳು ಈಗಾಗಲೇ ಮಾತನಾಡಬಲ್ಲವರನ್ನು ಮುಂದೆ ತರುತ್ತವೆ. ಅಂಜುವ ಮಗುವಿಗೆ ಅದು ಆರಂಭದ ಮೆಟ್ಟಿಲಾಗಲಾರದು.

ಪರಿಣಾಮಕಾರಿ ಕ್ರಮಗಳಲ್ಲಿ ಮೊದಲನೆಯದು ಕಾಯುವುದು. ಮೇರಿ ಬಡ್ ರೋ ಅವರು ೧೯೭೦ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಿದ್ದುದು ಕಂಡುಬಂದಿತು. ಆ ಅವಧಿಯನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ದೀರ್ಘವಾದವು, ಉತ್ತರಿಸುವವರ ಸಂಖ್ಯೆಯೂ ಹೆಚ್ಚಿತು. ಮನೆಯ ಮಾತಿನಲ್ಲಿ ಯೋಚಿಸಿ ಶಾಲೆಯ ಮಾತಿನಲ್ಲಿ ಹೇಳಬೇಕಾದ ಮಗುವಿಗೆ ಈ ಕಾಲಾವಕಾಶ ಇನ್ನಷ್ಟು ಅಗತ್ಯ. ಇದಕ್ಕೆ ಹಣವಾಗಲಿ ಉಪಕರಣವಾಗಲಿ ಬೇಕಿಲ್ಲ.

ಎರಡನೆಯದು, ಮನೆಯ ಮಾತಿಗೆ ತರಗತಿಯಲ್ಲಿ ಸ್ಥಾನ ಕೊಡುವುದು. ‘ನರಿ’ ಎಂದ ಮಗುವಿಗೆ ತಪ್ಪು ಎನ್ನುವ ಬದಲು, ‘ನಿಮ್ಮ ಮನೆಯಲ್ಲಿ ನರಿ ಎನ್ನುತ್ತೀರಿ, ಪುಸ್ತಕದಲ್ಲಿ ಹುಲಿ ಎಂದಿದೆ, ಬೇರೆಯವರ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಿದರೆ, ಒಂದು ಮಗುವಿನ ಅವಮಾನವಾಗಬಹುದಾಗಿದ್ದ ಗಳಿಗೆ ಇಡೀ ತರಗತಿಯ ಪಾಠವಾಗುತ್ತದೆ. ಕೊಡವ ತಕ್ಕಿನ ‘ಪುತ್ತರಿ’ ಕನ್ನಡದಲ್ಲಿ ‘ಹುತ್ತರಿ’ಯಾಗುವುದನ್ನು, ‘ಪಾಲ್’ ‘ಹಾಲು’ ಆಗುವುದನ್ನು ಮಕ್ಕಳೇ ಕಂಡುಕೊಂಡರೆ ಎರಡು ಭಾಷೆಗಳ ನಡುವಣ ಕ್ರಮಬದ್ಧ ಸಂಬಂಧವೂ ತಿಳಿಯುತ್ತದೆ. ಇದಕ್ಕಾಗಿ ಶಿಕ್ಷಕರು ಎಲ್ಲ ಭಾಷೆಗಳನ್ನೂ ಬಲ್ಲವರಾಗಬೇಕಿಲ್ಲ. ಕೇಳಿ ತಿಳಿಯುವ ಮನಸ್ಸಿದ್ದರೆ ಸಾಕು. ೨೦೦೫ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಹುಭಾಷಿಕತೆಯನ್ನು ತರಗತಿಯ ಸಂಪನ್ಮೂಲವೆಂದು ಕರೆದಿರುವುದು ಇದೇ ಅರ್ಥದಲ್ಲಿ. ಒಡಿಶಾ ರಾಜ್ಯವು ೨೦೦೭ರಲ್ಲಿ ಹತ್ತು ಬುಡಕಟ್ಟು ಭಾಷೆಗಳಲ್ಲಿ ಆರಂಭಿಕ ಶಿಕ್ಷಣವನ್ನು ಕೈಗೆತ್ತಿಕೊಂಡುದನ್ನೂ ಇಲ್ಲಿ ನೆನೆಯಬಹುದು.

ಮೂರನೆಯದು, ಗುಂಪಿನಿಂದ ಒಂಟಿ ಮಾತಿಗೆ ಹಂತಹಂತವಾಗಿ ಕರೆದೊಯ್ಯುವುದು. ಭೀತಿಯ ನಿವಾರಣೆಗೆ ಮನೋವಿಜ್ಞಾನವು ಸೂಚಿಸುವ ಕ್ರಮವೂ ಇದೇ: ಕಡಿಮೆ ಅಂಜಿಕೆಯ ಸಂದರ್ಭದಿಂದ ಹೆಚ್ಚಿನದಕ್ಕೆ ನಿಧಾನವಾಗಿ ಏರುವುದು. ಎಲ್ಲರೂ ಸೇರಿ ಹಾಡುವುದು, ಇಬ್ಬರು ಮಾತನಾಡಿಕೊಳ್ಳುವುದು, ನಾಲ್ವರ ಗುಂಪಿನಲ್ಲಿ ಹೇಳುವುದು, ಕೊನೆಗೆ ತರಗತಿಯ ಮುಂದೆ ನಿಲ್ಲುವುದು. ಬಾಳೋಪಾಟಿನ ನಾಲ್ವರ ಮೇಳವನ್ನು ಈ ದೃಷ್ಟಿಯಿಂದ ನೋಡಿದರೆ, ಜೊತೆಗಾರರ ದನಿಯ ಆಸರೆಯಲ್ಲಿ ತನ್ನ ದನಿಯನ್ನು ಕಂಡುಕೊಳ್ಳುವ ಏರ್ಪಾಡು ಕೊಡಗಿನ ಪರಂಪರೆಗೆ ಹೊಸತಲ್ಲ ಎನ್ನಬಹುದು. ‘ಹುತ್ತರಿ ಹಾಡು’ ಬರೆದ ಪಂಜೆ ಮಂಗೇಶರಾಯರು ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಮಕ್ಕಳ ಬಾಯಿಗೆ ಹಾಡನ್ನು ಕೊಟ್ಟ ಅವರ ಕಾರ್ಯವನ್ನು ಸಾಹಿತ್ಯ ಸೇವೆಯೆಂದಷ್ಟೇ ಅಲ್ಲದೆ ಶಿಕ್ಷಣ ವಿಧಾನವೆಂದೂ ಪರಿಗಣಿಸಬೇಕು. ಕೊಡಗಿನ ಗಡಿಗೆ ಹೊಂದಿದ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ೧೯೯೫ರಲ್ಲಿ ಆರಂಭವಾಗಿ, ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ವಿಸ್ತರಿಸಿದ ‘ನಲಿಕಲಿ’ ಪದ್ಧತಿಯು ಮಕ್ಕಳನ್ನು ಸಣ್ಣ ಗುಂಪುಗಳಲ್ಲಿ ನೆಲದ ಮೇಲೆ ಕೂರಿಸಿ, ಶಿಕ್ಷಕರನ್ನೂ ಅವರ ನಡುವೆ ಕೂರಿಸಿತು. ಎತ್ತರದ ಅಂತರವನ್ನು ಇಳಿಸಿದ ಈ ಸರಳ ಬದಲಾವಣೆ ಭೀತಿಯ ದೃಷ್ಟಿಯಿಂದ ಅರ್ಥಪೂರ್ಣವಾದುದು. ಕಾರ್ಡುಗಳ ಎಣಿಕೆಯೇ ಮುಖ್ಯವಾಗಿ ಮಾತುಕತೆ ಹಿಂದೆ ಸರಿದ ಕಡೆ ಅದರ ಪ್ರಯೋಜನವೂ ಕುಗ್ಗುತ್ತದೆ.

ರಾಜ್ಯ ಸರ್ಕಾರವು ೨೦೧೯-೨೦ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಿತು. ಬೋಧನಾ ಮಾಧ್ಯಮವನ್ನು ಸರ್ಕಾರ ಹೇರಲಾಗದೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿದ ಮೇಲೆ ಪೋಷಕರ ಆಯ್ಕೆಗೆ ಅಡ್ಡಿಯಿಲ್ಲ. ಇದರಿಂದ ಕೊಡಗಿನ ಅನೇಕ ಮಕ್ಕಳಿಗೆ ಮನೆಯದೊಂದು, ಬೀದಿಯದೊಂದು, ಪುಸ್ತಕದ್ದೊಂದು ಎಂಬ ಮೂರು ಭಾಷೆಗಳ ಹೊರೆ ಬೀಳುತ್ತದೆ. ಮಾಧ್ಯಮ ಯಾವುದೇ ಇರಲಿ, ಮೇಲೆ ಹೇಳಿದ ಕ್ರಮಗಳ ಅಗತ್ಯ ಇಂತಹ ತರಗತಿಗಳಲ್ಲಿ ಹೆಚ್ಚೇ ಹೊರತು ಕಡಿಮೆಯಲ್ಲ.

ನೆರವಿನ ಮಿತಿ

ಶಿಕ್ಷಕರ ನೆರವಿಗೆ ಎರಡು ಎಲ್ಲೆಗಳಿವೆ. ಮನೆಯಲ್ಲಿ ನಿರರ್ಗಳವಾಗಿ ಮಾತನಾಡುವ ಮಗು ಶಾಲೆಯ ಭಾಷೆ ತಿಳಿದಿದ್ದೂ ತಿಂಗಳುಗಟ್ಟಲೆ ಅಲ್ಲಿ ಒಂದು ಮಾತನ್ನೂ ಆಡದಿದ್ದರೆ ತಜ್ಞರ ಸಲಹೆ ಬೇಕಾಗುತ್ತದೆ. ಆದರೆ ಹೊಸ ಭಾಷೆಗೆ ಬಂದ ಮಗು ಕೆಲಕಾಲ ಕೇಳುತ್ತ ಸುಮ್ಮನಿರುವುದು ಸಹಜ. ಶಾಲೆಗೆ ಸೇರಿದ ಮೊದಲ ತಿಂಗಳ ಮೌನವನ್ನೂ ಭಾಷೆಯ ಅರಿವಿಲ್ಲದ ಮೌನವನ್ನೂ ವೈದ್ಯಕೀಯ ಮಾನದಂಡಗಳೂ ಕಾಯಿಲೆಯೆಂದು ಪರಿಗಣಿಸುವುದಿಲ್ಲ. ಇವೆರಡನ್ನೂ ಬೇರೆಯಾಗಿ ಅರಿಯುವುದೇ ಶಿಕ್ಷಕರ ಮೊದಲ ಕೆಲಸ. ಇನ್ನೊಂದು ಎಲ್ಲೆ ಮಗುವಿನ ಇಚ್ಛೆಯದು. ಮಾತಿನ ದಾರಿ ತೆರೆದಿಡುವುದು ಶಿಕ್ಷಕರ ಹೊಣೆ. ಆ ದಾರಿಯಲ್ಲಿ ಎಷ್ಟು ನಡೆಯಬೇಕೆಂಬುದು ಮಗುವಿನ ಸ್ವಾತಂತ್ರ್ಯ. ಎಲ್ಲರನ್ನೂ ವಾಗ್ಮಿಗಳನ್ನಾಗಿ ಮಾಡುವುದು ಇದರ ಗುರಿಯಲ್ಲ.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ಕೊಡಗಿನ ತರಗತಿಗಳಲ್ಲಿನ ಸಂವಹನ ಭೀತಿಯ ಬಹುಭಾಗವು ಮಗುವಿನೊಳಗಿನ ಕೊರತೆಯಿಂದಲ್ಲದೆ, ಭಾಷೆ, ಸಾಮಾಜಿಕ ಸ್ಥಾನ ಮತ್ತು ಪ್ರಶ್ನಿಸುವ ಕ್ರಮಗಳ ಸಂಬಂಧದಿಂದ ಹುಟ್ಟಿದುದಾಗಿದೆ. ಆದುದರಿಂದ ಶಿಕ್ಷಕರು ನೆರವಾಗಬೇಕೆ ಎಂಬ ಪ್ರಶ್ನೆಗೆ ಉತ್ತರ ‘ಹೌದು’ ಎಂಬುದೇ ಆಗಿದೆ; ಆ ನೆರವು ಮಗುವನ್ನು ತಿದ್ದುವುದರಿಂದಲ್ಲ, ತರಗತಿಯನ್ನು ತಿದ್ದುವುದರಿಂದ ಆರಂಭವಾಗಬೇಕು. ಕೊಡಗಿನಲ್ಲಿ ನೇಮಕಗೊಳ್ಳುವ ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಇಲ್ಲಿನ ನುಡಿಗಳ ಪರಿಚಯವನ್ನು ತರಬೇತಿಯ ಭಾಗವಾಗಿಸುವುದು, ಮೊದಲ ತರಗತಿಗಳಿಗೆ ಹಲವು ಮನೆಮಾತುಗಳ ಚಿತ್ರಪದಕೋಶವನ್ನು ಸಿದ್ಧಪಡಿಸುವುದು ಅಕಾಡೆಮಿಗಳೂ ಶಿಕ್ಷಣ ಇಲಾಖೆಯೂ ಕೂಡಿ ಮಾಡಬಹುದಾದ ಕಾರ್ಯಗಳು. ಎರವ, ಪಣಿಯ ಮತ್ತು ಕುರುಬ ಮಕ್ಕಳ ತರಗತಿಯ ಮಾತನ್ನು ಕುರಿತು ಕ್ಷೇತ್ರಾಧ್ಯಯನ ಕೈಗೊಳ್ಳುವ ಸಂಶೋಧಕರಿಗೆ ಇಲ್ಲಿ ವಿಪುಲ ಅವಕಾಶವಿದೆ.